ಡಬ್ಬಿಯಲ್ಲಿ ಕೊಕ್ಕೊ ಎಷ್ಟು, ಸಕ್ಕರೆ ಎಷ್ಟು?

ತಮಿಳರ ಮಾರ್ಗಳಿ ಮಾಸ ಬಂತೆಂದರೆ ಚೆನ್ನೈಗೆ ಚಳಿಯ ನೆಪ. ಸೂಪರ್ ಮಾರ್ಕೆಟ್ಟಿನ ಕಪಾಟು ತುಂಬ ಹಾಟ್ ಚಾಕಲೇಟ್ ಡಬ್ಬಿಗಳು. ಮುಂದಿನ ಚಿತ್ರ ನೋಡಿ ಕೊಂಡರೆ ಮನೆಗೆ ಬರುವುದು ಹೆಚ್ಚಾಗಿ ಸಕ್ಕರೆ! ಒಳ್ಳೆಯ ಪುಡಿ ಬೇಕೆ? ಡಬ್ಬಿಯ ಬೆನ್ನು ಓದಿ. ಇಲ್ಲವೇ ಮನೆಯಲ್ಲೇ ಮಿಕ್ಸಿ ಓಡಿಸಿ.

ಮೈಲಾಪುರದ ಮಾಡವೀದಿ, ಬೆಳಗಿನ ಐದೂವರೆ. ಮನೆ ಮುಂದೆ ಅಂಗಳ ತುಂಬುವ ಕೋಲಂ ರಂಗೋಲಿ, ಬೀದಿಯಲ್ಲಿ ಭಜನೆಯ ತಂಡ. ತಾಳ ಹಾಕುತ್ತಿರುವವರಲ್ಲಿ ಅರ್ಧ ಜನರ ತಲೆಗೆ ಮಂಕಿ ಕ್ಯಾಪು, ಉಳಿದವರ ಕೊರಳಿಗೆ ಮಫ್ಲರು. ಮೊಬೈಲಿನಲ್ಲಿ ಉಷ್ಣಾಂಶ ನೋಡಿದರೆ 22 ಡಿಗ್ರಿ!

ಮಡಿಕೇರಿಯವರು ಕೇಳಿದರೆ ನಕ್ಕಾರು. ಆದರೆ ವರ್ಷದ ಹತ್ತು ತಿಂಗಳು ಬೆವರೊರೆಸಿಕೊಳ್ಳುವ ಊರಿಗೆ 22 ಡಿಗ್ರಿ ಎಂದರೆ ಹಬ್ಬ. ಈ ನಗರದ ದಾಖಲೆಯ ಚಳಿ 13.9 ಡಿಗ್ರಿ; ಅದು ಬಂದದ್ದು 1895ರ ಡಿಸೆಂಬರಿನಲ್ಲಿ. ಆಮೇಲೆ ಚೆನ್ನೈ ಚಳಿಯನ್ನು ಅನುಭವಿಸುವುದಕ್ಕಿಂತ ಆಚರಿಸುವುದೇ ಹೆಚ್ಚು. ಸಭಾಗಳಲ್ಲಿ ಕಛೇರಿ, ಕ್ಯಾಂಟೀನಿನಲ್ಲಿ ಬಿಸಿ ಪೊಂಗಲ್ಲು, ಬೆಸೆಂಟ್ ನಗರದ ಕೆಫೆಗಳಲ್ಲಿ ಹಾಟ್ ಚಾಕಲೇಟು.

ಕೆಫೆಯಲ್ಲಿ ಒಂದು ಸಲ ಕುಡಿದು ಬಂದ ಮಕ್ಕಳು ಮನೆಯಲ್ಲೂ ಅದನ್ನೇ ಕೇಳುತ್ತಾರೆ. ಅಲ್ಲಿಂದ ಶುರು, ಡಬ್ಬಿಯ ಹುಡುಕಾಟ.

ನಂಗನಲ್ಲೂರಿನಲ್ಲಿ ನಮಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ತವರು ಬದಿಯಡ್ಕದ ಹತ್ತಿರ, ಕಾಸರಗೋಡಿನ ಕನ್ನಡ ಸೀಮೆ. ಟಿ. ನಗರದಿಂದ ಮಗಳು ಹಿಡಿದು ತಂದ ದುಬಾರಿ ಡಬ್ಬಿಯನ್ನು ಅವರು ಕನ್ನಡಕ ಏರಿಸಿ ಓದಿದರು. ಓದಿ ಮೇಜಿನ ಮೇಲಿಟ್ಟರು.

‘ಅಲ್ಲ ಮಾರಾಯ್ರೆ, ನಮ್ಮ ತೋಟದಲ್ಲಿ ಅಳಿಲು ತಿಂದು ಬಿಸಾಡುವ ಕೊಕ್ಕೊ ಇದು. ಇದರಲ್ಲಿ ಅದೂ ಸರಿಯಾಗಿ ಇಲ್ಲ. ಸಕ್ಕರೆ ಕೊಡಲಿಕ್ಕೆ ಇಷ್ಟು ದುಡ್ಡೆಂತಕ್ಕೆ?’

‘ಅಕ್ಕಾ, ರುಚಿ ನೋಡಿ ಆಮೇಲೆ ಹೇಳಿ’ ಎಂದೆ.

‘ರುಚಿ ಎಂತದು, ಸೀ ಸೀ’ ಎಂದರು. ಕುಡಿದ ಮೇಲೂ ಅದನ್ನೇ ಹೇಳಿದರು.

ಮೊದಲ ಹೆಸರೇ ಸತ್ಯ

ಅಕ್ಕ ಓದಿದ್ದು ಡಬ್ಬಿಯ ಹಿಂಬದಿಯ ಸಾಮಗ್ರಿ ಪಟ್ಟಿ. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆ ಮೊದಲು ಬಂದರೆ ಡಬ್ಬಿಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಸಕ್ಕರೆ. ಮುಂದಿನ ಚಿತ್ರದಲ್ಲಿ ಎಷ್ಟು ಕೊಕ್ಕೊ ಬೀಜ ಉದುರುತ್ತಿದ್ದರೂ ಅಷ್ಟೆ.

ಲೆಕ್ಕ ಹಾಕಿ. ಪೋಷಕಾಂಶಗಳ ಕೋಷ್ಟಕದಲ್ಲಿ 100 ಗ್ರಾಮಿಗೆ 70 ಗ್ರಾಂ ಸಕ್ಕರೆ ಎಂದಿದೆ ಎನ್ನೋಣ. ಒಂದು ಲೋಟಕ್ಕೆ 25 ಗ್ರಾಂ ಪುಡಿ ಹಾಕಿದರೆ ಹದಿನೇಳೂವರೆ ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ ದಾಟಿತು. ಹಾಲಿನ ಸಹಜ ಸಿಹಿ ಬೇರೆ. ದಿನಕ್ಕೆ 50 ಗ್ರಾಮಿಗಿಂತ ಕಡಿಮೆ, ಸಾಧ್ಯವಾದರೆ 25 ಗ್ರಾಮಿನ ಒಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಹೇಳುವ ಮಿತಿ. ಮಗುವಿಗೆ ರಾತ್ರಿಯ ಒಂದು ಲೋಟದಲ್ಲಿ ಅದರ ಬಹುಪಾಲು ಮುಗಿಯಿತು.

ಯುರೋಪಿನಲ್ಲಿ ಇದಕ್ಕೊಂದು ಕಟ್ಟುಪಾಡಿದೆ. ಅಲ್ಲಿನ ಚಾಕಲೇಟ್ ಕಾನೂನಿನ ಪ್ರಕಾರ ಡ್ರಿಂಕಿಂಗ್ ಚಾಕಲೇಟ್ ಎಂದು ಹೆಸರಿಡಲು ಕನಿಷ್ಠ ಶೇ 25 ಕೊಕ್ಕೊ ಪುಡಿ ಇರಬೇಕು. ಪೌಡರ್ಡ್ ಚಾಕಲೇಟ್ ಎನ್ನಬೇಕಾದರೆ ಶೇ 32. ನಮ್ಮ ಅಂಗಡಿಯಲ್ಲಿ ನಿಂತಾಗಲೂ ಈ ಎರಡು ಅಂಕಿ ನೆನಪಿದ್ದರೆ ಸಾಕು. 25ಕ್ಕಿಂತ ಕೆಳಗಿದ್ದರೆ ಬಿಡಿ, 32 ದಾಟಿದ್ದರೆ ಕೈ ಹಾಕಿ.

ಇನ್ನೊಂದು ಗೊಂದಲವೂ ಉಂಟು. ಬೋರ್ನ್‌ವಿಟಾ, ಬೂಸ್ಟ್ ಮುಂತಾದವು ಹಾಟ್ ಚಾಕಲೇಟ್ ಅಲ್ಲ. ಅವು ಧಾನ್ಯದ ಮಾಲ್ಟ್ ಪುಡಿಗಳು. ಕೊಕ್ಕೊ ಅವಕ್ಕೆ ಬಣ್ಣ, ಪರಿಮಳ ಕೊಡುವಷ್ಟೇ. ಉಡುಪಿ ಹೋಟೆಲಿನ ಬೋರ್ಡಿನಲ್ಲಿ ಕಾಫಿ, ಟೀ, ಬಾದಾಮಿ ಹಾಲಿನ ಕೆಳಗೆ ಇವುಗಳ ಹೆಸರು ಎಷ್ಟೋ ಕಾಲದಿಂದ ಇರುವುದರಿಂದ ನಮ್ಮ ನಾಲಿಗೆ ಅದನ್ನೇ ಚಾಕಲೇಟ್ ಹಾಲು ಎಂದುಕೊಂಡಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಇಂಥ ಪಾನೀಯಗಳನ್ನು ಆನ್‌ಲೈನ್ ಅಂಗಡಿಗಳು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಬೇಕು ಎಂದು ಹೇಳಬೇಕಾಯಿತು. ಅವುಗಳ ರುಚಿ ಬೇರೆ, ಅಭಿಮಾನಿಗಳೂ ಬೇರೆ. ಹಾಟ್ ಚಾಕಲೇಟ್ ಬೇಕೆಂದವರು ಮಾತ್ರ ಆ ಕಪಾಟಿನ ಮುಂದೆ ನಿಲ್ಲಬೇಕಾಗಿಲ್ಲ.

■ ಡಬ್ಬಿಯ ಬೆನ್ನು ಓದಿ

ಕೊಕ್ಕೊ ಸಾಲಿಡ್ಸ್: ಶೇಕಡಾವಾರು ಬರೆದಿದ್ದರೆ ಮೊದಲು ಅದನ್ನೇ ನೋಡಿ.

ಮಾಲ್ಟೊಡೆಕ್ಸ್‌ಟ್ರಿನ್: ಪಿಷ್ಟದಿಂದ ಮಾಡಿದ ಅಗ್ಗದ ಪುಡಿ. ಸಿಹಿ ಕಡಿಮೆ, ತೂಕ ಜಾಸ್ತಿ. ಪಟ್ಟಿಯಲ್ಲಿ ಮೇಲಿದ್ದರೆ ಡಬ್ಬಿ ವಾಪಸಿಡಿ.

ಐಎನ್‌ಎಸ್ 322: ಲೆಸಿಥಿನ್. ಪುಡಿ ಹಾಲಿನಲ್ಲಿ ಬೇಗ ಬೆರೆಯಲಿ ಎಂದು ಹಾಕುತ್ತಾರೆ. ಹೆದರಬೇಕಾಗಿಲ್ಲ.

ಐಎನ್‌ಎಸ್ 412, 415: ಗೌರ್ ಗಮ್, ಜಾಂಥನ್ ಗಮ್. ಕೊಕ್ಕೊ ಕಡಿಮೆ ಇದ್ದರೂ ದಪ್ಪಗೆ ಕಾಣಿಸುವ ಉಪಾಯ.

ಐಎನ್‌ಎಸ್ 500, 501: ಕ್ಷಾರ. ಕೊಕ್ಕೊ ಡಚ್ ವಿಧಾನದ್ದು ಎಂಬುದರ ಗುರುತು.

ಕಪ್ಪು ಬಣ್ಣಕ್ಕೆ ಮರುಳಾಗಬೇಡಿ

ಪುಡಿ ಕಪ್ಪಗಿದ್ದಷ್ಟೂ ಒಳ್ಳೆಯದು ಎಂದು ಬಹಳ ಮಂದಿಯ ನಂಬಿಕೆ. ಕಪ್ಪು ಬರುವುದು ಹೆಚ್ಚಾಗಿ ಕ್ಷಾರದಿಂದ, ಕೊಕ್ಕೊದ ಜಾತಿಯಿಂದಲ್ಲ.

ಹುರಿದ ಕೊಕ್ಕೊ ಬೀಜದ ತಿರುಳನ್ನು ಅರೆದರೆ ಅದರಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ. ಮಧ್ಯ ಅಮೆರಿಕದ ಮಾಯಾ ಜನರ ಕಾಲದಿಂದ ಯುರೋಪಿನ ಅರಮನೆಗಳವರೆಗೆ ಎಲ್ಲರೂ ಕುಡಿದದ್ದು ಮೇಲೆ ಜಿಡ್ಡು ತೇಲುವ ಪಾನೀಯವನ್ನೇ. ನೆದರ್ಲೆಂಡ್ಸಿನ ವಾನ್ ಹೌಟೆನ್ ಮನೆತನ 1828ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆಯಿತು. ಕೊಬ್ಬನ್ನು ಹಿಂಡಿ ತೆಗೆದು ಉಳಿದ ಹಿಂಡಿಯನ್ನು ಪುಡಿ ಮಾಡಿದ್ದೇ ಇಂದಿನ ಕೊಕ್ಕೊ ಪುಡಿ. ಅದಕ್ಕೆ ಪೊಟ್ಯಾಸಿಯಂ ಕಾರ್ಬೊನೇಟ್‌ನಂಥ ಕ್ಷಾರ ಸೇರಿಸಿ ಹುಳಿ ಇಳಿಸುವ ವಿದ್ಯೆಯೂ ಅದೇ ಮನೆಯದು. ಡಚ್ ಕೊಕ್ಕೊ ಎಂದು ಹೆಸರು ಬಂದದ್ದು ಹಾಗೆ.

ಕ್ಷಾರ ಹಾಕದ ಸಹಜ ಕೊಕ್ಕೊ ತಿಳಿಗಂದು. ಹುಳಿ, ಒಗರು, ಹಣ್ಣಿನ ವಾಸನೆ. ಡಚ್ ಕೊಕ್ಕೊ ಕಡುಗಂದು. ಸೌಮ್ಯ, ದುಂಡನೆಯ ರುಚಿ, ಹಾಲಿಗೆ ಬೇಗ ಒಗ್ಗುತ್ತದೆ. ನನ್ನ ಮಟ್ಟಿಗೆ ಅರ್ಧ ಅದು, ಅರ್ಧ ಇದು. ಡಚ್ ಒಂದೇ ಆದರೆ ಲೋಟ ಖಾಲಿಯಾಗುವ ಹೊತ್ತಿಗೆ ಬೇಸರ ಬರುತ್ತದೆ; ಸಹಜ ಒಂದೇ ಆದರೆ ಮಕ್ಕಳು ಮುಖ ಸಿಂಡರಿಸುತ್ತಾರೆ.

ಕೊಬ್ಬಿನಂಶವನ್ನೂ ನೋಡಿ. ಸಾಮಾನ್ಯ ಕೊಕ್ಕೊ ಪುಡಿಯಲ್ಲಿ ಶೇ 10ರಿಂದ 12, ಉತ್ತಮ ದರ್ಜೆಯದರಲ್ಲಿ ಶೇ 22ರಿಂದ 24. ನೀರಿನಲ್ಲೇ ಮಾಡಿ ಕುಡಿಯುವವರಿಗೆ ಎರಡನೆಯದು ಬೇಕು. ಹಾಲಿಗೆ ಮೊದಲನೆಯದು ಸಾಕು.

ಕುಟ್ರಾಲದಿಂದ ಕೆಮ್ಮಿಂಜೆಗೆ

ಕೊಕ್ಕೊ ಎಂದರೆ ಆಫ್ರಿಕಾ, ಚಾಕಲೇಟ್ ಎಂದರೆ ಸ್ವಿಟ್ಜರ್ಲೆಂಡ್ ಎನ್ನುವ ನಮಗೆ ಹಿತ್ತಲ ಗಿಡ ಕಾಣುವುದಿಲ್ಲ. ಭಾರತಕ್ಕೆ ಕೊಕ್ಕೊ ಮೊದಲು ಬಂದದ್ದೇ ಮದ್ರಾಸ್ ಸೀಮೆಗೆ. 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಂಬೊಯ್ನಾ ದ್ವೀಪದಿಂದ ಕ್ರಿಯೊಲ್ಲೊ ತಳಿಯ ಗಿಡಗಳನ್ನು ತಂದು ತಿರುನಲ್ವೇಲಿ ಕಡೆಯ ಕುಟ್ರಾಲದಲ್ಲಿ ನೆಟ್ಟಿತು. ಜಲಪಾತಕ್ಕೆ ಹೆಸರಾದ ಊರು ಚಾಕಲೇಟಿಗೆ ಹೆಸರಾಗಲಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು.

ಎರಡನೆಯ ಸುತ್ತು ಶುರುವಾದದ್ದು 1960ರ ದಶಕದಲ್ಲಿ, ಕ್ಯಾಡ್ಬರಿ ಕಂಪನಿ ವಯನಾಡಿನಲ್ಲಿ ಬೆಳೆ ಪರೀಕ್ಷೆಗೆ ಕೈ ಹಾಕಿದಾಗ. ಕೊಕ್ಕೊಗೆ ನೆರಳು ಬೇಕು, ತೇವ ಬೇಕು. ತೆಂಗು–ಅಡಿಕೆ ತೋಟದ ನಡುವೆ ಎರಡೂ ಸಿಗುತ್ತವೆ. ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರು ಅಡಿಕೆಯ ನಡುವೆ ಗಿಡ ಹಾಕಿದರು.

ಗಿಡ ಫಲ ಬಿಟ್ಟಿತು, ಬೆಲೆ ಬಿತ್ತು. 1980ರ ಆಸುಪಾಸು ಜಾಗತಿಕ ಮಾರುಕಟ್ಟೆ ಕುಸಿದಾಗ ಖರೀದಿ ಕಂಪನಿ ಹಿಂದೆ ಸರಿಯಿತು. ಹಸಿ ಕೊಕ್ಕೊ ಇಟ್ಟುಕೊಂಡು ಕಾಯುವ ಮಾಲಲ್ಲ. ಕಾಯಿ ಒಡೆದರೆ ಬೀಜಕ್ಕೆ ಅಂಟಿದ ಬಿಳಿ ಲೋಳೆ ಆ ದಿನದಿಂದಲೇ ಹುಳಿಯಲು ತೊಡಗುತ್ತದೆ. ಕೊಳ್ಳುವವರಿಲ್ಲದಿದ್ದರೆ ತೋಟದಲ್ಲೇ ಗೊಬ್ಬರ.

ಆಗ ಮುಂದೆ ಬಂದದ್ದು ಕ್ಯಾಂಪ್ಕೊ. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಸಹಕಾರ ಸಂಸ್ಥೆ ಅಡಿಕೆ ಬೆಳೆಗಾರರಿಗಾಗಿ ಇದ್ದದ್ದು. ಕೊಕ್ಕೊವನ್ನೂ ಕೊಳ್ಳತೊಡಗಿತು. ಕೊಂಡು ರಾಶಿ ಹಾಕಿದರೆ ಆಯಿತೇ? ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. 1986ರಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಬೆಳೆಗಾರರೇ ಮಾಲೀಕರಾದ ಚಾಕಲೇಟ್ ಕಾರ್ಖಾನೆ ಎಂಬುದು ಕೊಕ್ಕೊ ಬೆಳೆಯುವ ದೇಶಗಳಲ್ಲೇ ಅಪರೂಪ. ಆಫ್ರಿಕಾದಲ್ಲಿ ಕೊಕ್ಕೊ ಬೆಳೆದೂ ಚಾಕಲೇಟ್ ಬಾಯಿಗೆ ಹಾಕದ ರೈತರ ಕಥೆ ಓದುವಾಗ ನನಗೆ ಪುತ್ತೂರು ನೆನಪಾಗುತ್ತದೆ.

ಆ ಕಾರ್ಖಾನೆಯಿಂದ ಚಾಕಲೇಟು ಮಾತ್ರವಲ್ಲ, ಕೊಕ್ಕೊ ಪುಡಿ, ಕೊಕ್ಕೊ ಬೆಣ್ಣೆ, ‘ವಿನ್ನರ್’ ಹೆಸರಿನ ಡ್ರಿಂಕಿಂಗ್ ಚಾಕಲೇಟ್ ಪುಡಿಯೂ ಬರುತ್ತದೆ. ಊರಿನಿಂದ ಮಂಗಳೂರು ಮೇಲ್ ಹತ್ತುವ ಚೆನ್ನೈ ಕನ್ನಡಿಗರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿ ಭರಣಿಯ ಪಕ್ಕ ಕ್ಯಾಂಪ್ಕೊ ಪೊಟ್ಟಣ ಇರುವುದು ಹೊಸತೇನಲ್ಲ.

ವಿಟ್ಲದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರವೂ ಈ ಕಥೆಯಲ್ಲಿದೆ. ಅಡಿಕೆ ತೋಟಕ್ಕೆ ಹೊಂದುವ ‘ವಿಟ್ಲ ಕೊಕ್ಕೊ ಹೈಬ್ರಿಡ್’ ತಳಿಗಳು ಅಲ್ಲಿಯವು. ಇಂದು ದೇಶದಲ್ಲಿ ಕೊಕ್ಕೊ ಬೆಳೆಯುವುದು ಹೆಚ್ಚಾಗಿ ದಕ್ಷಿಣದ ನಾಲ್ಕು ರಾಜ್ಯಗಳೇ, ಮುಂದಿರುವುದು ಆಂಧ್ರ. ತಮಿಳುನಾಡಿನಲ್ಲಿ ಪೊಳ್ಳಾಚಿ, ಆನೈಮಲೈ ಕಡೆಯ ತೆಂಗಿನ ತೋಟಗಳು.

ಈ ಬೀಜಗಳನ್ನೇ ನೆಚ್ಚಿಕೊಂಡು ಹೊಸ ಪೀಳಿಗೆಯ ಕುಶಲಕರ್ಮಿಗಳು ಎದ್ದಿದ್ದಾರೆ. ಚೆನ್ನೈನ ನಿತಿನ್ ಚೋರ್ಡಿಯಾ ಚಾಕಲೇಟ್ ರುಚಿ ನೋಡುವುದನ್ನೇ ವೃತ್ತಿಯಾಗಿ ಕಲಿತವರು. ಅವರ ಮನೆಯ ‘ಕೊಕೊಟ್ರೇಟ್’ ಚಾಕಲೇಟಿಗೆ ಹೊದಿಕೆ ಹತ್ತಿಯ ಚಿಂದಿ, ಕೊಕ್ಕೊ ಸಿಪ್ಪೆಯಿಂದ ಮಾಡಿದ ಕಾಗದ. ಪೂರ್ವ ಕರಾವಳಿ ರಸ್ತೆಯಲ್ಲಿ ಮುಂದೆ ಹೋದರೆ ಆರೋವಿಲ್ಲಿನ ‘ಮೇಸನ್ ಅಂಡ್ ಕೋ’, ನಮ್ಮ ಮೈಸೂರಿನಲ್ಲಿ ‘ನವಿಲುನ’. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ತೋಟದ ಹೆಸರು, ಕೊಕ್ಕೊದ ಶೇಕಡಾವಾರು ಮುಖಪುಟದಲ್ಲೇ ಬರೆದಿರುತ್ತಾರೆ. ಡಬ್ಬಿ ತಿರುಗಿಸುವ ಕೆಲಸವೇ ಇಲ್ಲ.

2024ರಲ್ಲಿ ಪಶ್ಚಿಮ ಆಫ್ರಿಕಾದ ಬೆಳೆ ಕೈಕೊಟ್ಟು ಕೊಕ್ಕೊ ಬೆಲೆ ನ್ಯೂಯಾರ್ಕ್ ವಾಯಿದಾ ಪೇಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತು. ನಮ್ಮ ಬೆಳೆಗಾರರಿಗೂ ಹಿಂದೆಂದೂ ಕಾಣದ ದರ ಸಿಕ್ಕಿತು. ಕಡಿದು ಹಾಕಿದ ಗಿಡಗಳನ್ನು ನೆನೆದು ಕೈ ಹಿಸುಕಿಕೊಂಡವರೂ ಇದ್ದಾರೆ. ಬಳಕೆದಾರರು ಎಚ್ಚರವಾಗಬೇಕಾದದ್ದು ಇಂಥ ಹೊತ್ತಿನಲ್ಲೇ. ಕೊಕ್ಕೊ ದುಬಾರಿಯಾದಾಗ ಅದನ್ನು ಕಡಿಮೆ ಹಾಕಿ ಸಕ್ಕರೆ, ಮಾಲ್ಟೊಡೆಕ್ಸ್‌ಟ್ರಿನ್ ಏರಿಸುವುದು ತಯಾರಕರಿಗೆ ಸುಲಭದ ದಾರಿ. ಡಬ್ಬಿಯ ಬಣ್ಣ ಅದೇ, ಪಟ್ಟಿ ಮಾತ್ರ ಬೇರೆ.

■ ಮನೆಯ ಮಿಶ್ರಣ

ಬೇಕಾದ್ದು: ಸಿಹಿ ಇಲ್ಲದ ಕೊಕ್ಕೊ ಪುಡಿ 100 ಗ್ರಾಂ, ಸಕ್ಕರೆ 100 ಗ್ರಾಂ, ಶೇ 60 ದಾಟಿದ ಡಾರ್ಕ್ ಚಾಕಲೇಟ್ 50 ಗ್ರಾಂ, ಕಾರ್ನ್‌ಫ್ಲೋರ್ ಒಂದು ಟೀ ಚಮಚ, ಉಪ್ಪು ಎರಡು ಚಿಟಿಕೆ.

ಹೀಗೆ ಮಾಡಿ: ಚಾಕಲೇಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮಿಕ್ಸಿ ಜಾರು ಒಣಗಿರಲಿ. ಮೊದಲು ಸಕ್ಕರೆ ಪುಡಿ ಮಾಡಿ ತೆಗೆದಿಡಿ. ಚಾಕಲೇಟ್ ಚೂರು, ಕೊಕ್ಕೊ ಪುಡಿ ಒಟ್ಟಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಮುದ್ದೆಯಾಗುತ್ತದೆ. ಕೊನೆಗೆ ಎಲ್ಲ ಬೆರೆಸಿ ಜರಡಿ ಹಿಡಿಯಿರಿ.

ಒಂದು ಲೋಟಕ್ಕೆ: 200 ಮಿಲಿಲೀಟರ್ ಹಾಲು, 20ರಿಂದ 25 ಗ್ರಾಂ ಪುಡಿ.

ಚೆನ್ನೈ ಅಡುಗೆಮನೆಯ ಕಟ್ಟಳೆ

ಪಾಕ ಎಲ್ಲರಿಗೂ ಒಂದೇ, ಹವೆ ಒಂದೇ ಅಲ್ಲ. ಕಡಲ ಮಗ್ಗುಲಿನ ಊರಿನಲ್ಲಿ ಪುಡಿಗೆ ಮೊದಲ ಶತ್ರು ತೇವ. ಈಶಾನ್ಯ ಮಳೆಗಾಲ ಮುಗಿಯುವ ಹೊತ್ತಿಗೆ ಮುಚ್ಚಳ ಸಡಿಲಾದ ಡಬ್ಬಿಯಲ್ಲಿ ಪುಡಿ ಕಲ್ಲಾಗಿರುತ್ತದೆ. ಅದಕ್ಕೇ ಬೆಲ್ಲದ ಪುಡಿ ಹಾಕಿ ಮಿಶ್ರಣ ಮಾಡಿಡಬೇಡಿ. ಬೆಲ್ಲ ಗಾಳಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಅದು ಬಿಸಿಯಾಗಿರುವಾಗ ಬಿದ್ದರೆ ಹಾಲು ಒಮ್ಮೊಮ್ಮೆ ಒಡೆಯುವುದೂ ಉಂಟು.

ಬಿಳಿ ಸಕ್ಕರೆ ಬೇಡವೇ ಬೇಡ ಎನ್ನುವವರಿಗೆ ಇಲ್ಲಿಯದೇ ಉಪಾಯವಿದೆ: ತಾಳೆಯ ಕಲ್ಲುಸಕ್ಕರೆ. ತಮಿಳರು ಕೆಮ್ಮು ನೆಗಡಿಗೆ ಹಾಲಿನಲ್ಲಿ ಹಾಕಿ ಕುಡಿಯುವ ಪನಂಗಲ್ಕಂಡು. ಕುಟ್ಟಿ ಪುಡಿ ಮಾಡಿ, ಲೋಟಕ್ಕೆ ಬೇಕಾದಷ್ಟನ್ನು ಆಗಲೇ ಹಾಕಿ. ಕೊಕ್ಕೊದ ಕಹಿಯ ಜೊತೆ ಅದರ ಹೊಗೆವಾಸನೆಯ ಸಿಹಿ ಹೊಂದುವಷ್ಟು ಬಿಳಿ ಸಕ್ಕರೆ ಹೊಂದುವುದಿಲ್ಲ. ಅದೂ ಸಕ್ಕರೆಯೇ ಎಂಬುದನ್ನು ಮಾತ್ರ ಮರೆಯಬೇಡಿ.

ಚಾಕಲೇಟ್ ಕೊಳ್ಳುವಾಗ ಇನ್ನೊಂದು ಎಚ್ಚರ. ಪ್ಯಾರೀಸ್ ಕಾರ್ನರ್ ಬದಿಯ ಸಗಟು ಅಂಗಡಿಗಳಲ್ಲಿ ಕೇಕ್ ಮಾಡುವವರಿಗೆಂದು ದೊಡ್ಡ ದೊಡ್ಡ ಹಲಗೆಗಳು ಸಿಗುತ್ತವೆ, ಅಗ್ಗ. ಮೇಲೆ ‘ಡಾರ್ಕ್ ಕಾಂಪೌಂಡ್’ ಎಂದಿದ್ದರೆ ಅದರಲ್ಲಿ ಕೊಕ್ಕೊ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಕೊಬ್ಬು. ಕೇಕಿನ ಮೇಲೆ ಹೊಳೆಯುತ್ತದೆ. ಹಾಲಿನಲ್ಲಿ ಅಂಗುಳಿಗೆ ಮೇಣ ಮೆತ್ತಿದ ಹಾಗಾಗುತ್ತದೆ.

ಹಾಲು ಯಾವುದು? ಆವಿನ್ ನೀಲಿ ಪ್ಯಾಕೆಟ್ಟಿನಲ್ಲಿ ಶೇ 3 ಕೊಬ್ಬು, ಕಿತ್ತಳೆಯಲ್ಲಿ ಶೇ 6. ಮೇಲಿನ ಮಿಶ್ರಣದಲ್ಲಿ ಚಾಕಲೇಟಿನ ಕೊಬ್ಬು ಆಗಲೇ ಇರುವುದರಿಂದ ನೀಲಿಯೇ ಸಾಕು. ಕಿತ್ತಳೆ ಹಾಕಿದರೆ ನಾಲ್ಕನೇ ಗುಟುಕಿಗೆ ಹೊಟ್ಟೆ ತುಂಬುತ್ತದೆ.

ಮಾಡುವ ಕ್ರಮದಲ್ಲಿ ಗುಟ್ಟು ಒಂದೇ. ಪುಡಿಯನ್ನು ಹಾಲಿಗೆ ಸುರಿಯಬಾರದು. ಕೊಕ್ಕೊದಲ್ಲಿ ಕೊಬ್ಬೂ ಇದೆ, ಪಿಷ್ಟವೂ ಇದೆ. ಒಮ್ಮೆಲೇ ಸುರಿದರೆ ಮೇಲೆ ನೆನೆದು ಒಳಗೆ ಒಣಗಿದ ಗಂಟುಗಳು. ರಾಗಿ ಗಂಜಿಗೆ ಹಿಟ್ಟು ಕದಡುವ ಹಾಗೆ, ಲೋಟದ ತಳದಲ್ಲಿ ಪುಡಿ ಹಾಕಿ ಎರಡು ಚಮಚ ಬಿಸಿನೀರಿನಲ್ಲಿ ಮೊದಲು ಕಲಸಿ. ಹೊಳಪು ಬಂದಾಗ ಚಾಕಲೇಟಿನ ವಾಸನೆ ಏಳುತ್ತದೆ. ಆಮೇಲೆ ಹಾಲು. ಕಾರ್ನ್‌ಫ್ಲೋರ್ ಇರುವುದರಿಂದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಕೈಯಾಡಿಸಬೇಕು, ಇಲ್ಲದಿದ್ದರೆ ಹಸಿಹಿಟ್ಟಿನ ರುಚಿ. ಕುದಿ ಹತ್ತುವ ಮುನ್ನ ಇಳಿಸಿ.

ಕೊನೆಯ ಕೆಲಸ ಚೆನ್ನೈಯವರಿಗೆ ಹೇಳಿಕೊಡಬೇಕಾಗಿಲ್ಲ. ಡವರಾ–ಟಂಬ್ಲರ್ ತೆಗೆದುಕೊಂಡು ಮೊಳ ಎತ್ತರದಿಂದ ನಾಲ್ಕು ಸಲ ಎತ್ತಿ ಹೊಯ್ದರೆ ನೊರೆ ನಿಲ್ಲುತ್ತದೆ. ಇದು ಫಿಲ್ಟರ್ ಕಾಫಿಯ ವರಸೆ ಎಂದುಕೊಳ್ಳಬೇಡಿ. ಅಮೆರಿಕದ ಪ್ರಿನ್ಸ್‌ಟನ್ ವಸ್ತುಸಂಗ್ರಹಾಲಯದಲ್ಲಿ ಮಾಯಾ ಜನರ ಒಂದು ಕುಡಿಕೆಯಿದೆ, ಎಂಟನೇ ಶತಮಾನದ ಆಸುಪಾಸಿನದು. ಅದರ ಮೇಲಿನ ಚಿತ್ರದಲ್ಲಿ ಒಬ್ಬ ಹೆಂಗಸು ನಿಂತುಕೊಂಡು ಒಂದು ಪಾತ್ರೆಯಿಂದ ಕೆಳಗಿನ ಪಾತ್ರೆಗೆ ಕೊಕ್ಕೊ ಹೊಯ್ಯುತ್ತಿದ್ದಾಳೆ, ನೊರೆಗಾಗಿ. ನಮ್ಮ ಕಾಫಿ ಮಾಸ್ಟರಿಗೂ ಅವಳಿಗೂ ಎತ್ತರದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಮಸಾಲೆಯ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ದಾಲ್ಚಿನ್ನಿ ಮೆಕ್ಸಿಕೊದವರ ಹಳೆಯ ಅಭ್ಯಾಸ, ಚೆನ್ನಾಗಿ ಕೂರುತ್ತದೆ. ಮಾರ್ಗಳಿಯ ಬೆಳಗಿಗೆ ಒಣಶುಂಠಿ ಚಿಟಿಕೆ. ಏಲಕ್ಕಿ ಹಾಕಿದರೆ ಪಾಯಸವಾಯಿತೆಂದೇ ಲೆಕ್ಕ. ನನ್ನ ಮೆಚ್ಚು, ಒಂದು ಚಮಚ ಗಟ್ಟಿ ಡಿಕಾಕ್ಷನ್. ಕಾಫಿಯ ರುಚಿ ಕಾಣಿಸುವುದಿಲ್ಲ, ಚಾಕಲೇಟಿನದು ಎರಡರಷ್ಟು ಎದ್ದು ಬರುತ್ತದೆ. ಮಕ್ಕಳ ಲೋಟಕ್ಕೆ ಇದು ಬೇಡ. ಕೊಕ್ಕೊದಲ್ಲೇ ಸ್ವಲ್ಪ ಕೆಫೀನ್ ಇದೆ.

ಇಷ್ಟೆಲ್ಲ ಪುರಸೊತ್ತಿಲ್ಲ, ಡಬ್ಬಿಯೇ ಬೇಕು ಎನ್ನುವವರಿಗೆ ನನ್ನ ಮಾತು ಇಷ್ಟು: ಸಿಹಿ ಇಲ್ಲದ ಕೊಕ್ಕೊ ಪುಡಿಯ ಪೊಟ್ಟಣ ಕೊಳ್ಳಿ, ಸಕ್ಕರೆ ನಿಮ್ಮ ಮನೆಯ ಡಬ್ಬಿಯಿಂದಲೇ ಹಾಕಿ. ಸಿಹಿ ಎಷ್ಟಿರಬೇಕು ಎಂಬುದನ್ನು ಕಂಪನಿ ಯಾಕೆ ತೀರ್ಮಾನಿಸಬೇಕು? ಸಿದ್ಧ ಮಿಶ್ರಣವೇ ಆಗಬೇಕೆಂದರೆ ಕೊಕ್ಕೊ ಶೇ 32 ದಾಟಿದ್ದು, ಗಮ್ ಇಲ್ಲದ್ದು. ಮನೆಯಲ್ಲಿ ಮಾಡಿದ ಪುಡಿಯನ್ನು ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ಒಣ ಚಮಚವನ್ನೇ ಬಳಸಿ, ಎರಡು ತಿಂಗಳೊಳಗೆ ಮುಗಿಸಿ. ಏಪ್ರಿಲ್ ಬಂದರೆ ಭರಣಿ ಫ್ರಿಜ್‌ಗೆ ಹೋಗಬೇಕು. ಆ ಬಿಸಿಲಿಗೆ ಒಳಗಿನ ಚಾಕಲೇಟ್ ಕರಗಿ ಪುಡಿಯೆಲ್ಲ ಹೆಪ್ಪುಗಟ್ಟುತ್ತದೆ.